ಅಡುಗೆಮನೆಯಲ್ಲಿ ಕೇಳಿದ ಸಿನಿಮಾ

ಸಿನಿಮಾ ಟಿಕೆಟ್ ತೆಗೆಯುವುದು ಗಂಡಸಿನ ಕೆಲಸ ಎಂದು ಮೈಸೂರಿನಲ್ಲಿ ಕಲಿತಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ಕೊಚ್ಚಿಗೆ ವರ್ಗವಾಗಿ ಬಂದ ಮೇಲೆ ಅದನ್ನು ಮರೆಯಬೇಕಾಯಿತು. ಅಲ್ಲಿನ ಥಿಯೇಟರುಗಳಲ್ಲಿ ಹೆಂಗಸರಿಗೆ ಬೇರೆಯೇ ಸಾಲು. ಗಂಡಸರ ಸಾಲು ಗೇಟು ದಾಟಿ ರಸ್ತೆಗೆ ಇಳಿದಿದ್ದರೂ ಹೆಂಗಸರದು ಹತ್ತು ಹನ್ನೆರಡು ಜನಕ್ಕೆ ಮುಗಿದಿರುತ್ತಿತ್ತು. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದಳೆಂದರೆ ಬಾಲ್ಕನಿ ಟಿಕೆಟ್ ತಂದೇ ಸಿದ್ಧ. ಗುರುತಿಲ್ಲದ ಗಂಡಸರೆಲ್ಲ "ಚೇಚೀ, ರಂಡು ಟಿಕೆಟ್", ಅಕ್ಕಾ, ಎರಡು ಟಿಕೆಟ್, ಎಂದು ಅವಳಿಗೆ ದುಂಬಾಲು ಬೀಳುವರು. ಅವಳು ಮುಖ ನೋಡಿ ತೀರ್ಮಾನ ಮಾಡುತ್ತಿದ್ದಳು. ಮೀಸೆ ತಿರುವಿ ಕೇಳಿದವನಿಗೆ ಇಲ್ಲ, ನಾಚಿಕೊಂಡು ಕೇಳಿದವನಿಗೆ ಉಂಟು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದೆ.

ನಮ್ಮ ಕ್ವಾರ್ಟರ್ಸ್ ಇದ್ದದ್ದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಶನಿವಾರ ಬೋಟು ಹತ್ತಿ ಎರ್ನಾಕುಳಂ ಜೆಟ್ಟಿಗೆ ಇಳಿದು ಮ್ಯಾಟಿನಿಗೆ ಹೋಗುತ್ತಿದ್ದೆವು. ಎಲ್ಲವೂ ಮಲಯಾಳಂ ಸಿನಿಮಾಗಳೇ. ಮೊದಮೊದಲು ಅವಳಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೆ ಸೀಟಿನಲ್ಲಿ ಕೂತವಳು ಇಂಟರ್‌ವಲ್ಲಿಗೂ ಏಳುತ್ತಿರಲಿಲ್ಲ. ಕಡಲೆಕಾಯಿ ಪೊಟ್ಟಣವನ್ನು ನಾನೇ ತಂದು ಕೈಗಿಡಬೇಕು. ವರ್ಷ ತುಂಬುವುದರೊಳಗೆ ಮಲಯಾಳಂ ಅವಳ ನಾಲಿಗೆಯ ಮೇಲಿತ್ತು. ನನಗೆ ಮಾತ್ರ ಆಫೀಸಿನ ಇಂಗ್ಲಿಷೇ ಗತಿ. ಸಿನಿಮಾ ಕೆಟ್ಟದಾಗಿದ್ದರೆ ಅಲ್ಲಿಯ ಜನ ಒಟ್ಟಾಗಿ ಕೂಗು ಹಾಕುತ್ತಾರೆ. ಒಂದು ಮಧ್ಯಾಹ್ನ ನನ್ನ ಪಕ್ಕದಿಂದಲೂ ಒಂದು ಕೂಗು ಎದ್ದಿತು. ತಿರುಗಿ ನೋಡಿದರೆ ನಮ್ಮವಳೇ, ಬಾಯಿಗೆ ಅಂಗೈ ಹಿಡಿದು. ನನಗೆ ಅವಳ ಮೇಲೆ ಆ ದಿನ ಬಂದಷ್ಟು ಪ್ರೀತಿ ಮದುವೆಯ ಮಂಟಪದಲ್ಲೂ ಬಂದಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದಾಗ ನನಗೊಂದು ದುರ್ಬುದ್ಧಿ ಹುಟ್ಟಿತು. ಕೊಲ್ಲಿ ದೇಶದಿಂದ ಬಂದ ನೆರೆಯವರೊಬ್ಬರು ವಿಸಿಆರ್ ಮಾರುತ್ತಿದ್ದರು, ಕೊಂಡುಬಿಟ್ಟೆ. ಪಾಪ, ಕನ್ನಡ ಸಿನಿಮಾ ನೋಡದೆ ಇವಳು ಬಾಡಿಹೋಗುತ್ತಿದ್ದಾಳೆ ಎಂದು ನನ್ನ ಲೆಕ್ಕಾಚಾರ. ಮಂಗಳೂರಿನ ಕಡೆಯಿಂದ ರೈಲಿನಲ್ಲಿ ಬರುವವರ ಕೈಯಲ್ಲಿ ಕನ್ನಡ ಕ್ಯಾಸೆಟ್ ಬರತೊಡಗಿದವು. ಸುದ್ದಿ ಹರಡಲು ಎಷ್ಟು ಹೊತ್ತು? ಭಾನುವಾರ ಮಧ್ಯಾಹ್ನವಾದರೆ ಊರಿನ ಕನ್ನಡದ ಮನೆಗಳೆಲ್ಲ ನಮ್ಮ ಹಜಾರದಲ್ಲಿ. ಮಲಯಾಳದಲ್ಲೇ ಜಗಳವಾಡುವ ಮಕ್ಕಳು, ಅವರನ್ನು ಕನ್ನಡದಲ್ಲಿ ಗದರುವ ಅಪ್ಪಂದಿರು. ಹಾಡು ಬಂದಾಗ ಎಲ್ಲರೂ ಒಟ್ಟಿಗೆ ಗುನುಗುತ್ತಿದ್ದರು. ಚಾಪೆ ಹಾಸುವುದು, ಕ್ಯಾಸೆಟ್ ಹಾಕುವುದು, ಟಿವಿಯಲ್ಲಿ ಗೆರೆ ಬಂದರೆ ಸರಿಪಡಿಸುವುದು, ಎಲ್ಲಕ್ಕೂ ನಾನೇ ಯಜಮಾನ. ಬಂದವರೆಲ್ಲ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಅಂಬಲಮುಗಳಿನಂಥ ದೂರದ ಊರುಗಳಿಂದ ಬಂದವರಿಗೆ ಬಸ್ಸು, ಬೋಟು ತಪ್ಪಬಾರದು. ಆದ್ದರಿಂದ ಸಿನಿಮಾ ಮುಗಿಯುವುದೂ ಕಾಫಿ ಬರುವುದೂ ಒಟ್ಟಿಗೇ ಆಗಬೇಕಿತ್ತು. ಇದಕ್ಕೆ ನನ್ನ ಹೆಂಡತಿ ಒಂದು ಸೂತ್ರ ಕಂಡುಹಿಡಿದಿದ್ದಳು. ತೆರೆಯ ಮೇಲೆ ತಪ್ಪು ಮಾಡಿದವನು ಅಳಲು ಶುರುಮಾಡಿದನೋ, ಇನ್ನು ಇಪ್ಪತ್ತು ನಿಮಿಷ, ಹಾಲು ಒಲೆಗೆ. ಅವಳು ಎದ್ದರೆ ಇನ್ನಿಬ್ಬರು ಹೆಂಗಸರೂ ಏಳುತ್ತಿದ್ದರು. ಗಡಿಯಾರಕ್ಕಿಂತ ಸರಿಯಾಗಿ ನಡೆಯುತ್ತಿತ್ತು ಈ ಏರ್ಪಾಡು.

ಒಂದು ಭಾನುವಾರ ಕಾಫಿ ತಡವಾಯಿತು. ವಿಚಾರಿಸಲು ಒಳಗೆ ಹೋದೆ. ಮೂವರೂ ಒಲೆಯ ಮುಂದೆ ಅಲ್ಲಾಡದೆ ನಿಂತು, ಗೋಡೆಯಾಚೆಯ ಮಾತಿಗೆ ಕಿವಿ ಕೊಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಶ್! ಅವಳು ಅತ್ತೆಗೆ ಜವಾಬು ಕೊಡ್ತಿದಾಳೆ" ಎಂದಳು. ಆ ಮಾತು ಮುಗಿದ ಮೇಲೆ ಕೇಳಿದಳು: "ರೀ, ಈಗ ಯಾವ ಸೀರೆ ಉಟ್ಟಿದಾಳೆ?"

"ನೋಡ್ಲಿಲ್ಲ" ಎಂದೆ.

ಆ ಮೂವರಲ್ಲಿ ಒಬ್ಬರು ಧಾರವಾಡದ ಕಡೆಯವರು. "ಮುಂದಽ ಕುಂತು ನೋಡಾಕತ್ತೀರಿ, ಕಣ್ಣು ಎಲ್ಲಿಟ್ಟಿದ್ರಿ ಮತ್ತ?" ಎಂದು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕು ಹಜಾರಕ್ಕೆ ಬಂದು, ನಮ್ಮ ಹೆಂಗಸರು ಸಿನಿಮಾವನ್ನು ರೇಡಿಯೋ ಮಾಡಿಕೊಂಡಿದ್ದಾರೆ ಎಂದು ಗಂಡಸರಿಗೆ ಹೇಳಿ ಇನ್ನಷ್ಟು ನಗಿಸಿದೆ.

ಅಂದು ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತ ಅವಳು ಅಂದಳು: "ಮಲಯಾಳಂ ಸಿನಿಮಾ ಎಷ್ಟೊಂದು ಪೂರ್ತಿ ನೋಡಿದೀನಿ. ಇಲ್ಲಿಗೆ ಬಂದ್ಮೇಲೆ ಕನ್ನಡದ್ದು ಒಂದರ ಕೊನೇನೂ ಕಂಡಿಲ್ಲ ನೋಡಿ."

"ಅದಕ್ಕೇನು, ರಾತ್ರಿ ಹಾಕ್ಕೊಡ್ತೀನಿ. ಕ್ಯಾಸೆಟ್ ಅಂಬಲಮುಗಳಿನವರ ಮನೆಗೆ ಹೋಗೋದು ನಾಳೆ ಬೆಳಿಗ್ಗೆ."

"ಒಬ್ಬಳೇ ಕೂತು ಅಳೋದಕ್ಕೆ ಸಿನಿಮಾ ಯಾಕ್ರೀ ಬೇಕು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ನಾನು ಹಾಯಾಗಿ ಕಾಲು ಚಾಚಿ ಕೂತಿದ್ದೆ. ಮತ್ತೂ ಮೂರು ವರ್ಷ ಭಾನುವಾರದ ಸಿನಿಮಾ ಹಾಗೇ ನಡೆಯಿತು. ಶನಿವಾರದ ಬೋಟು ಮಾತ್ರ ನಿಂತುಹೋಯಿತು. ಮನೆಯಲ್ಲೇ ಸಿನಿಮಾ ಇರುವಾಗ ಥಿಯೇಟರ್ ಯಾಕೆ ಎಂದವನೂ ನಾನೇ.

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಅಷ್ಟು ಹೊತ್ತಿಗೆ ವಿಸಿಆರ್ ಕೆಟ್ಟಿತ್ತು, ಸರಿಮಾಡಿಸುವ ಉತ್ಸಾಹವೂ ಇಳಿದಿತ್ತು. ಅಲ್ಲಿನ ಕನ್ನಡಿಗರು ಒಂದು ಭಾನುವಾರ ಬೆಳಿಗ್ಗೆಗೆ ಥಿಯೇಟರನ್ನೇ ಬಾಡಿಗೆಗೆ ಹಿಡಿದು, ಬೆಂಗಳೂರಿನಿಂದ ಹಳೆಯ ಕನ್ನಡ ಸಿನಿಮಾ ಒಂದರ ಪ್ರಿಂಟ್ ತರಿಸಿದರು. ನನ್ನ ಹೆಂಡತಿ ಎಂಟು ಗಂಟೆಗೇ ರೇಷ್ಮೆ ಸೀರೆ ಉಟ್ಟು ತಯಾರಾದಳು. ಮದುವೆಗೆ ಹೊರಟಿದ್ದೀಯಾ ಎಂದು ಛೇಡಿಸಿದೆ. "ಹೌದು, ಕನ್ನಡದವರ ಮದುವೆಗೆ" ಎಂದಳು.

ಸುಮಾರು ಇನ್ನೂರು ಜನ ಸೇರಿದ್ದರು. ಪಕ್ಕದ ಮನೆಗಳ ಮಲಯಾಳಿಗಳೂ ಬಂದಿದ್ದರು. ಕೊಚ್ಚಿಯಲ್ಲಿ ಹದಿನಾಲ್ಕು ಇಂಚಿನ ಪೆಟ್ಟಿಗೆಯಲ್ಲಿ ಅತ್ತ ನಟನಟಿಯರು ಇಲ್ಲಿ ಗೋಡೆಯಗಲ ಅಳುತ್ತಿದ್ದರು, ಅವರ ರೆಪ್ಪೆಗೂದಲನ್ನೂ ಎಣಿಸಬಹುದಾದಷ್ಟು ದೊಡ್ಡದಾಗಿ. ಅವಳು ಎರಡು ಗಂಟೆ ನನ್ನ ಕಡೆ ತಿರುಗಲಿಲ್ಲ. ಹಾಡುಗಳಿಗೆ ತುಟಿ ಮಾತ್ರ ಅಲುಗುತ್ತಿತ್ತು. ಕೊನೆಗೆ, ಆಸ್ತಿಗಾಗಿ ತಮ್ಮನನ್ನು ಹೊರಗೆ ಹಾಕಿದ್ದ ಅಣ್ಣ ಬಾಗಿಲಿಗೆ ತಲೆ ಚಚ್ಚಿಕೊಂಡು ಅಳತೊಡಗಿದ.

ನನ್ನ ಹೆಂಡತಿ ಎದ್ದು ನಿಂತಳು.

ಹಿಂದಿನ ಸಾಲಿನಿಂದ "ಚೇಚೀ, ಇರಿಕ್ಕೂ", ಕೂತ್ಕೊಳ್ಳಿ, ಎಂದು ಯಾರೋ ಕೂಗಿದರು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಆಗಲೇ ನನ್ನ ಮೊಣಕಾಲು ದಾಟಿ ಹೊರಡುವುದರಲ್ಲಿದ್ದಳು. ನಾನು ಸೆರಗು ಹಿಡಿದೆ.

"ಎಲ್ಲಿಗೆ?"

"ಕಾಫಿಗೆ..." ಎಂದವಳು ಅಲ್ಲಿಗೇ ನಿಂತಳು. ತನ್ನ ಸುತ್ತಲಿನ ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿದಳು.

ಇಷ್ಟು ವರ್ಷ ಭಾನುವಾರದ ಹೊಗಳಿಕೆಯನ್ನೆಲ್ಲ ನುಂಗಿ ಕೂತಿದ್ದ ನನಗೆ ಆ ಒಂದು ಪದಕ್ಕೆ ಮೈ ಹಿಡಿಯಾಯಿತು. ನಾಚಿಕೆ ಎಂದರೆ ಏನೆಂದು ಆ ಕತ್ತಲೆಯಲ್ಲಿ ತಿಳಿಯಿತು. ಅವಳ ಕೈ ಹಿಡಿದು ಕೂರಿಸಿದೆ. ಆಮೇಲೆ ತೆರೆಯ ಮೇಲೆ ಏನಾಯಿತೋ ನಾನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ತಮ್ಮ ಬಂದಿರಬೇಕು, ಏಕೆಂದರೆ ಅವಳು ಅತ್ತಳು. ಇನ್ನೂರು ಜನರ ನಡುವೆ, ಕಣ್ಣೊರೆಸಿಕೊಳ್ಳದೆ, ಧಾರಾಳವಾಗಿ ಅತ್ತಳು. ತೆರೆಯ ತುಂಬ "ಶುಭಂ" ಎಂದು ಬಂದಾಗ, ಆಗತಾನೇ ಅಕ್ಷರ ಕಲಿತವಳಂತೆ ಅದನ್ನು ಗಟ್ಟಿಯಾಗಿ ಓದಿದಳು.