ಅತಾವುಲ್ಲಾ ಕೂಡಿಸಿದ ಹಿತ್ತಾಳೆ ಗುಂಡಿ

ಯಶವಂತಪುರದ ಮಾರ್ಕೆಟ್ಟಿನ ಹಿಂದೆ, ಮೂಟೆ ಹೊರುವವರು ಚಹಾಕ್ಕೆ ನಿಲ್ಲುತ್ತಿದ್ದ ಓಣಿಯಲ್ಲಿ, ಅತಾವುಲ್ಲಾ ಅವರ ತಗಡಿನ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ. ಇಂಗ್ಲೆಂಡಿನ ಹಳೇ ಮೋಟಾರ್‌ಸೈಕಲ್ ಇಟ್ಟುಕೊಂಡ ನಮ್ಮಂಥ ದುರ್ದೈವಿಗಳು ಪೆಟ್ರೋಲಿನ ವಾಸನೆ ಹಿಡಿದೇ ಅಲ್ಲಿಗೆ ಬರುತ್ತಿದ್ದೆವು. ಅವರು ಕಂಟೋನ್ಮೆಂಟಿನ ಗ್ಯಾರೇಜೊಂದರಲ್ಲಿ ಹನ್ನೆರಡು ವರ್ಷ ಕೆಲಸ ಕಲಿತವರು. ಕಲಿಸಿದ ಉಸ್ತಾದರು ಒಂದು ಕಟ್ಟಳೆ ಹಾಕಿದ್ದರಂತೆ: ಗಾಡಿಯ ತಪ್ಪನ್ನು ಗಿರಾಕಿಗೆ ಹೇಳಬಹುದು, ಗಿರಾಕಿಯ ತಪ್ಪನ್ನು ಗಿರಾಕಿಗೆ ಹೇಳಕೂಡದು. ಅತಾವುಲ್ಲಾ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ಪೆಟ್ರೋಲೇ ಹಾಕಿಸದೆ ಗಾಡಿ ತಳ್ಳಿಕೊಂಡು ಬಂದವನಿಗೂ "ಟ್ಯಾಂಕು ಸ್ವಲ್ಪ ಸುಸ್ತಾಗಿದೆ ಸಾರ್" ಎನ್ನುತ್ತಿದ್ದರು.

ನನಗೂ ಅವರಿಗೂ ಗಂಟು ಬಿದ್ದದ್ದು ಎಪ್ಪತ್ತೆಂಟರಲ್ಲಿ. ನಾನು ಗದಗಿನ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಕೊಡಿಗೇಹಳ್ಳಿಯಲ್ಲಿ ಬಾಡಿಗೆ ಮನೆ. ಗಾಡಿ ನನ್ನದಲ್ಲ, ನನ್ನ ಹೆಂಡತಿ ಚನ್ನಕ್ಕನ ಅಪ್ಪನದು. ಮಾವ ತೀರಿಕೊಂಡಾಗ ಅಣ್ಣಂದಿರು ಹೊಲ ಹಂಚಿಕೊಂಡರು, ಈಕೆ ಗಾಡಿ ಕೇಳಿದಳು. ಲಾರಿಯಲ್ಲಿ ಬಂದಿಳಿದ ದಿನ ಅದರ ಟ್ಯಾಂಕಿನ ಮೇಲೆ ಕೈಯಿಟ್ಟು ಅತ್ತಳು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಆ ಗಾಡಿಯ ಕಾರ್ಬೊರೇಟರಿಗೆ ಅಂಟಿಕೊಂಡಂತೆ ಪೆಟ್ರೋಲಿನ ಪುಟ್ಟ ಡಬ್ಬಿ. ಡಬ್ಬಿಯೊಳಗೆ ತೇಲುವ ಹಿತ್ತಾಳೆ ಬುರುಡೆ, ಮುಚ್ಚಳದ ಮೇಲೆ ಒಂದು ಗುಂಡಿ. ಬೆಳಿಗ್ಗೆ ಗುಂಡಿ ಒತ್ತಿದರೆ ಬುರುಡೆ ಮುಳುಗಿ ಪೆಟ್ರೋಲು ಉಕ್ಕುತ್ತದೆ. ಬಿಟ್ಟರೆ ಗುಂಡಿ ಮೇಲೆ ಬಂದು ಪೆಟ್ರೋಲು ನಿಲ್ಲುತ್ತದೆ. ನಮ್ಮದರಲ್ಲಿ ನಿಲ್ಲುತ್ತಿರಲಿಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದರೂ ಪೂರ್ತಿ ಬಂದಾಗುತ್ತಿರಲಿಲ್ಲ, ಅದಕ್ಕೆ ತಕ್ಕ ಬೇರೆ ನಲ್ಲಿ ಊರಲ್ಲೆಲ್ಲೂ ಸಿಗಲಿಲ್ಲ. ಹೀಗಾಗಿ ತೊಟ್ಟು ತೊಟ್ಟಾಗಿ ಪೆಟ್ರೋಲು ಅಂಗಳಕ್ಕೆ ಬೀಳುತ್ತಿತ್ತು.

ಅಂಗಳದ ಪಕ್ಕದಲ್ಲೇ ಬಚ್ಚಲ ಒಲೆ. ಮನೆಯ ಮಾಲೀಕ ವೆಂಕಟೇಶಪ್ಪನವರು ಒಂದು ದಿನ ಬಂದು ಮೂಸಿ ನೋಡಿ ಬೆವೆತುಹೋದರು.

"ಸೇಕ್ರಪ್ನೋರೆ, ಇಂಗೆ ಸೋರ್ತಿದ್ರೆ ಒಂದಿನ ಎಲ್ರೂ ಸುಟ್ಟೋಯ್ತೀವಿ. ಬರೋ ತಿಂಗ್ಳು ಅಮಾಸೆ ಗಂಟ ನೋಡ್ತೀನಿ. ಆಮ್ಯಾಕೆ ಒಂದು ತೊಟ್ಟು ಬಿದ್ರೂ ಗಾಡಿ ಮಾರ್ಬುಡಿ, ಇಲ್ಲಾ ಮನೆ ಖಾಲಿ ಮಾಡಿ."

ಅವರದೇನೂ ತಪ್ಪಿರಲಿಲ್ಲ. ಆದರೆ ಗಾಡಿ ನಿಲ್ಲಿಸಲು ಜಾಗವಿರುವ ಇನ್ನೊಂದು ಮನೆ ನನ್ನ ಸಂಬಳಕ್ಕೆ ಸಿಗುವಂತಿರಲಿಲ್ಲ. ಅಂದು ರಾತ್ರಿ ಚನ್ನಕ್ಕ ಊಟ ಮಾಡಲಿಲ್ಲ.

"ಅಪ್ಪ ಹೋಗಿ ವರ್ಷ ತುಂಬಿಲ್ಲ. ಗಾಡೀನೂ ಕಳಿಸ್ತೀರೇನ್ರೀ?" ಎಂದಳು.

ಮೊದಲ ಭಾನುವಾರ ಅತಾವುಲ್ಲಾ ಒಂದು ವಾಷರ್ ಬದಲಾಯಿಸಿದರು. ಐದು ನಿಮಿಷದ ಕೆಲಸ, ಸೋರಿಕೆ ನಿಂತಿತು. ಮಂಗಳವಾರ ಮತ್ತೆ ಶುರುವಾಯಿತು. ಎರಡನೆಯ ಭಾನುವಾರ ಹಿತ್ತಾಳೆ ಬುರುಡೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು, ಬಿಸಿನೀರಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೋ ಎಂದು ಹಣೆ ಸುಕ್ಕಾಗುವಷ್ಟು ಹೊತ್ತು ನೋಡಿದರು. ತೂತಿರಲಿಲ್ಲ. ಮಂಗಳವಾರ ಸೋರಿತು. ಮೂರನೆಯ ಭಾನುವಾರ ಗುಂಡಿ ಕೆಳಗೇ ಅಂಟಿಕೊಂಡಿರುವುದನ್ನು ಕಂಡುಹಿಡಿದರು. ಅದರ ಸುತ್ತ ಬಿಳಿ ಪುಡಿ. "ಕೊಡಿಗೇಹಳ್ಳಿ ಧೂಳು" ಎಂದು ತೊಳೆದುಕೊಟ್ಟರು. ಮಂಗಳವಾರ ಸೋರಿತು. ನಾಲ್ಕನೆಯ ವಾರ ನಾವು ಬಂಕಿನವನ ಮೇಲೆ ಸಂಶಯಪಟ್ಟು ಪೆಟ್ರೋಲನ್ನು ನನ್ನ ಮದುವೆಯ ಪಂಚೆಯಲ್ಲಿ ಸೋಸಿದೆವು. ಪಂಚೆ ಹಾಳಾಯಿತು, ಗಾಡಿ ಸೋರಿತು.

ಐದನೆಯ ಭಾನುವಾರ ಅತಾವುಲ್ಲಾ ಸ್ಪ್ಯಾನರ್ ಕೆಳಗಿಟ್ಟರು.

"ಭಾನುವಾರ ಚೆನ್ನಾಗಿರುತ್ತೆ, ಮಂಗಳವಾರ ಕಾಯಿಲೆ ಬೀಳುತ್ತೆ. ಮಧ್ಯದಲ್ಲಿ ಏನೋ ಆಗ್ತಿದೆ ಸಾರ್. ನಾಳೆ ಬೆಳಿಗ್ಗೆ ನಾನೇ ಮನೆಗೆ ಬಂದು ಗಾಡಿ ಮುಂದೆ ಕೂತ್ಕೋತೀನಿ."

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಸೋಮವಾರ ಆರು ಗಂಟೆಗೆ ಅವರು ಸ್ಟೂಲಿನ ಮೇಲೆ ಕೂತು, ಕಳ್ಳನನ್ನು ಕಾಯುವ ಪೊಲೀಸಿನವರಂತೆ ಗಾಡಿಯನ್ನೇ ನೋಡತೊಡಗಿದರು. ನಾನು ಪಕ್ಕದಲ್ಲಿ ಚಾಪೆಯ ಮೇಲೆ. ಏಳಕ್ಕೆ ಚನ್ನಕ್ಕ ಸ್ನಾನ ಮಾಡಿ, ಪೂಜೆಯ ತಟ್ಟೆ ಹಿಡಿದು ಬಂದಳು. ಹೆಡ್‌ಲೈಟಿಗೆ ವಿಭೂತಿಯ ಮೂರೆಳೆ ಎಳೆದಳು, ಟ್ಯಾಂಕಿಗೆ ಎಳೆದಳು. ಆಮೇಲೆ ಮೊಣಕಾಲೂರಿ, ನೆನೆಸಿದ ವಿಭೂತಿಯನ್ನು ಬೆರಳ ತುಂಬ ತೆಗೆದು ಕಾರ್ಬೊರೇಟರಿನ ಗುಂಡಿಗೆ ಮೆತ್ತಿದಳು.

"ಈ ವಾರನಾದ್ರೂ ಸೋರದಂಗ ಕಾಯಪ್ಪಾ. ಇಲ್ಲಂದ್ರ ಅಪ್ಪನ ಗಾಡಿ ಮಾರಿಬಿಡ್ತಾರ."

ನಮ್ಮ ಮನೆಯಲ್ಲಿ ಬಾಗಿಲು, ಬೀಸುವ ಕಲ್ಲು, ಹೊಲಿಗೆ ಯಂತ್ರ, ಯಾವುದಕ್ಕೂ ವಿಭೂತಿ ತಪ್ಪಿದ್ದಲ್ಲ. ಹಾಗಾಗಿ ಗಾಡಿಯ ಮೇಲಿನದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅತಾವುಲ್ಲಾ ನೋಡುವ ಸಂಭವವೂ ಇರಲಿಲ್ಲ, ಏಕೆಂದರೆ ಶೆಡ್ಡಿಗೆ ಹೋಗುವ ಮುನ್ನ, ಡಾಕ್ಟರ ಬಳಿ ಕರೆದೊಯ್ಯುವ ಮಗುವಿಗೆ ಮಾಡುವಂತೆ, ಆಕೆ ಗಾಡಿಯ ಮುಖ ಮೈ ಒರೆಸಿ ಕಳಿಸುತ್ತಿದ್ದಳು. ಒರೆಸಿಯೂ ಗುಂಡಿಯ ಸುತ್ತ ಉಳಿದದ್ದೇ ಆ ಕೊಡಿಗೇಹಳ್ಳಿ ಧೂಳು. ಅಂದರೆ ನಿಜವಾದ ಸೋರಿಕೆ ಮೊದಲ ವಾರವೇ ಮುಗಿದಿತ್ತು. ಸೋರುತ್ತದೆಂದು ಈಕೆ ಸೋಮವಾರ ವಿಭೂತಿ ಹಚ್ಚುತ್ತಿದ್ದಳು, ವಿಭೂತಿ ಒಣಗಿ ಗುಂಡಿ ಅಂಟಿ ಸೋರುತ್ತಿತ್ತು, ಸೋರಿತೆಂದು ಮುಂದಿನ ವಾರ ಇನ್ನಷ್ಟು ದಪ್ಪ ಹಚ್ಚುತ್ತಿದ್ದಳು.

ನನ್ನ ಪಿತ್ತ ನೆತ್ತಿಗೇರಿತು. ಕೂಗಲು ಬಾಯಿ ತೆರೆದೆ. ಅತಾವುಲ್ಲಾ ನನ್ನ ಭುಜ ಒತ್ತಿ ಹಿಡಿದು, ಚನ್ನಕ್ಕ ಕೊಟ್ಟ ಬಾಳೆಹಣ್ಣನ್ನು ಸಾವಕಾಶವಾಗಿ ತಿಂದರು. ಆಮೇಲೆ ಚೀಲದಿಂದ ಹಳೇ ಪಂಪ್ ಸ್ಟೋವಿನ ಹಿತ್ತಾಳೆ ಮುಚ್ಚಳ ತೆಗೆದು, ಅರದಿಂದ ಉಜ್ಜಿ ದುಂಡಗೆ ಮಾಡಿ, ಹೆಡ್‌ಲೈಟಿನ ಮೇಲೆ ತಿರುಪಿನಿಂದ ಕೂಡಿಸಿದರು. ಕಾರ್ಬೊರೇಟರಿನ ಗುಂಡಿ ತೊಳೆದರು.

"ಅಕ್ಕಾ, ಗಾಡಿಗೆ ಎಲ್ಲಕ್ಕಿಂತ ದೊಡ್ಡ ಜಾಗ ಇದು. ಕೆಳಗಡೆ ಬರೀ ಎಣ್ಣೆ, ಮಸಿ. ಇನ್ಮೇಲೆ ಪೂಜೆ ಇಲ್ಲೇ ಆಗ್ಲಿ."

ಚನ್ನಕ್ಕ ಗುಂಡಿಯನ್ನು ನೋಡಿದಳು, ಅವರನ್ನು ನೋಡಿದಳು. "ಆಗಲಿ ಅಣ್ಣಾ" ಎಂದಳು.

ಬಸ್‌ಸ್ಟಾಪಿನ ತನಕ ನಾನು ಅವರ ಜೊತೆ ಜಗಳವಾಡಿದೆ. ಒಂದೇ ಮಾತಿನಲ್ಲಿ ಮುಗಿಯುವುದಕ್ಕೆ ಈ ನಾಟಕ ಯಾಕೆ ಎಂದೆ.

"ಅಪ್ಪನ ಗಾಡಿ ಕೆಡಿಸಿದ್ದು ನಾನೇ ಅಂತ ಅವರು ಎಷ್ಟು ವರ್ಷ ಕೊರಗ್ಬೇಕು, ಹೇಳಿ ಸಾರ್? ಗುಂಡಿ ಹತ್ತು ನಿಮಿಷದ ಕೆಲಸ" ಎಂದರು. ನನ್ನ ಕೋಪ ಇಳಿಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಅಮಾವಾಸ್ಯೆಯ ಬೆಳಿಗ್ಗೆ ವೆಂಕಟೇಶಪ್ಪನವರು, ತಾವೇ ಹಿಂದಿನ ಸಂಜೆ ಗಾಡಿಯ ಕೆಳಗಿಟ್ಟಿದ್ದ ಬಿಳಿ ಪಿಂಗಾಣಿ ತಟ್ಟೆಯನ್ನು ಹೊರಗೆಳೆದರು. ಮೂಸಿದರು. ಬೆರಳಾಡಿಸಿದರು. ನಾಲಿಗೆಯನ್ನೂ ತಾಗಿಸಿದರು.

"ಒಂದು ತೊಟ್ಟೂ ಇಲ್ವಲ್ರೀ!" ಎಂದಾಗ ಅವರ ದನಿಯಲ್ಲಿ ಬೇಸರವಿತ್ತು. ಚನ್ನಕ್ಕ ಹೊಸ ಗುಂಡಿ ತೋರಿಸಿದಳು. ಮರುದಿನವೇ ಅವರು ಶೆಡ್ಡಿಗೆ ಹೋದರು.

"ಸಾಬ್ರೆ, ನಮ್ಮ ನೀರಿನ ತೊಟ್ಟಿನೂ ಸೋರ್ತೈತೆ. ಅದ್ಕೂ ಒಂದು ಗುಂಡಿ ಆಕ್ಕೊಡಿ."

ಗಿರಾಕಿಯ ತಪ್ಪು ಹೇಳುವಂತಿಲ್ಲವಲ್ಲ. ಅತಾವುಲ್ಲಾ ಬಂದು ತೊಟ್ಟಿಯ ಬಿರುಕಿಗೆ ಸಿಮೆಂಟು ಮೆತ್ತಿ, ಆಮೇಲೆ ಗುಂಡಿಯನ್ನೂ ನೆಟ್ಟರು. ವೆಂಕಟೇಶಪ್ಪನವರು ಊರೆಲ್ಲ ಹೊಗಳಿದ್ದು ಗುಂಡಿಯನ್ನು. ಅಲ್ಲಿಂದ ಆರ್.ಟಿ. ನಗರದ ಸ್ಕೂಟರುಗಳು, ದಾಸರಹಳ್ಳಿಯ ಆಟೋಗಳು, ಒಮ್ಮೆ ಹೆಬ್ಬಾಳದ ಹಾಲಿನ ಕ್ಯಾನುಗಳು, ಎಲ್ಲ ಬಂದವು. ಅವರು ರಿಪೇರಿಯನ್ನೂ ಮಾಡುತ್ತಿದ್ದರು, ಗುಂಡಿಯನ್ನೂ ಕೂಡಿಸುತ್ತಿದ್ದರು. ಜನ ರಿಪೇರಿ ನೋಡುತ್ತಿರಲಿಲ್ಲ, ಗುಂಡಿ ಅಲ್ಲಾಡುತ್ತದೆಯೋ ಎಂದು ಪರೀಕ್ಷಿಸಿ ಹೋಗುತ್ತಿದ್ದರು.

ಎಂಬತ್ತಾರರಲ್ಲಿ ಕಣ್ಣು ಮಂಜಾಗಿ ಅತಾವುಲ್ಲಾ ಶೆಡ್ಡು ಮುಚ್ಚಿದರು. ಕೋಲಾರದ ಮಗಳ ಮನೆಗೆ ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, "ಆ ಗುಂಡಿ ಸುಳ್ಳು ಅಂತ ಅಕ್ಕಂಗೆ ಹೇಳ್ಬಿಡಿ ಸಾರ್. ಮನಸ್ಸಲ್ಲೇ ಇಟ್ಕೊಂಡು ಹೋಗೋಕಾಗಲ್ಲ" ಎಂದರು.

ಚನ್ನಕ್ಕನನ್ನು ಕೂರಿಸಿ, ಎದೆ ಗಟ್ಟಿ ಮಾಡಿಕೊಂಡು ಎಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅದು ಯಾವುದಕ್ಕೂ ಜೋಡಿಸಿಲ್ಲ ಅಂತ ಆವತ್ತೇ ನೋಡೀನ್ರೀ. ಅಪ್ಪನ ಗಾಡಿ ಒರಸಿಕೋತ ಬೆಳದಾಕಿ ನಾ. ನೀವು ಬಾಯಿ ತಗದದ್ದು, ಅವರು ನಿಮ್ಮ ಭುಜ ಒತ್ತಿದ್ದು, ಎಲ್ಲಾ ಕಂಡಿತ್ತು."

"ಮತ್ತೆ ಎಂಟು ವರ್ಷ ವಿಭೂತಿ ಹಚ್ಚಿದ್ದು?"

"ನನಗ ಸಂಕಟ ಆಗಬಾರದಂತ ಕೂಡಿಸಿದ್ರು. ಹಚ್ಚದಿದ್ರ ಅವರಿಗೆ ಸಂಕಟ ಆಗ್ತಿರಲಿಲ್ಲೇನು?"

ಮುಂದಿನ ಸೋಮವಾರ ಅತಾವುಲ್ಲಾ ಊರಲ್ಲಿರಲಿಲ್ಲ. ಚನ್ನಕ್ಕ ಸ್ನಾನ ಮಾಡಿ ಬಂದು, ಏನೂ ಮಾಡದ ಆ ಗುಂಡಿಗೆ ಎಂದಿನಂತೆ ವಿಭೂತಿ ಹಚ್ಚಿದಳು. ತಟ್ಟೆಯನ್ನು ನಾನು ಹಿಡಿದುಕೊಂಡಿದ್ದೆ.