ಅಕ್ಕೋರ ಕ್ಯಾಮೆರಾಕ್ಕೆ ನನ್ನ ಹೆಗಲು

ಮೊನ್ನೆ ಮಾಳಿಗೆಯ ಮೇಲೆ ಕುಂಡದಲ್ಲಿರುವ ನಿಂಬೆ ಗಿಡದ ಒಣಕಡ್ಡಿ ಮುರಿಯಲು ಹೋಗಿ, ಎಲೆಗೆ ಅಂಟಿಕೊಂಡಿದ್ದ ಹಸಿರು ಹುಳವೊಂದನ್ನು ನೋಡದೆ ಮುಟ್ಟಿಬಿಟ್ಟೆ. ಅದು ಸಿಟ್ಟಿಗೆದ್ದು ತಲೆ ಎತ್ತಿತು, ಕುತ್ತಿಗೆಯ ಒಳಗಿಂದ ಎರಡು ಕಿತ್ತಳೆ ಬಣ್ಣದ ಕೊಂಬು ಹೊರಗೆ ಹಾಕಿತು. ಅದರ ಹಿಂದೆಯೇ ಆ ವಾಸನೆ... ಕೊಳೆತ ನಿಂಬೆಹಣ್ಣಿನ ಮೇಲೆ ಸ್ಪಿರಿಟ್ ಸುರಿದಂಥ ವಾಸನೆ. ಬೇರೆಯವರಾದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ನಾನು ಕುಂಡದ ಪಕ್ಕದಲ್ಲೇ ಕುಳಿತುಬಿಟ್ಟೆ. ಕೆಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಹೊಡೆಯಲಿ ಎಂದು ಸುಮ್ಮನಿದ್ದೆ.

ಅಕ್ಕೋರ ಕೈಬೆರಳಿಗೆ ಯಾವಾಗಲೂ ಈ ವಾಸನೆ ಅಂಟಿಕೊಂಡಿರುತ್ತಿತ್ತು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಇವರು ಶಾಲೆಯವರಲ್ಲ. ಬೆಟಗೇರಿಯ ಬಜಾರಿನಲ್ಲಿ ಒಂದು ಮಹಡಿ ಕೋಣೆ ಹಿಡಿದು ಟೈಪಿಂಗ್ ಕ್ಲಾಸ್ ನಡೆಸಿದವರು. ನಮ್ಮ ಓಣಿಯಲ್ಲಿ ಸರಕಾರಿ ನೌಕರಿ ಹಿಡಿದವರಲ್ಲಿ ಬಹಳ ಮಂದಿ ಅವರ ಕೈಯಲ್ಲಿ ಬೆರಳ ಮೇಲೆ ಸ್ಕೇಲಿನ ಏಟು ತಿಂದವರೇ. ಕಂಪ್ಯೂಟರ್ ಬಂದಮೇಲೆ ಮಶೀನುಗಳು ಗುಜರಿಗೆ ಹೋದವು, ಅಕ್ಕೋರು ಮನೆಗೆ ಬಂದರು. ಮದುವೆ ಆಗಿರಲಿಲ್ಲ. ತಮ್ಮನ ಸಂಸಾರದ ಜೊತೆ ನಮ್ಮ ಪಕ್ಕದ ಮನೆಯಲ್ಲಿದ್ದರು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ, ಗೋಡೆಯ ತುದಿಗೆ ಒಂದು ಸಣ್ಣ ಬಾಗಿಲು.

ನಾನು ಡಂಬಳದ ಕಡೆಯಿಂದ ಈ ಊರಿನ ನೇಕಾರರ ಮನೆಗೆ ಬಂದ ಸೊಸೆ. ಬರುವ ಹೊತ್ತಿಗೆ ಮಗ್ಗ ಬಿಚ್ಚಿಟ್ಟಾಗಿತ್ತು. ಯಜಮಾನರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋದರೆ ನಾನು ಮನೆಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದೆ. ಹುಳಹುಪ್ಪಡಿ ಎಂದರೆ ನನಗೆ ಮೊದಲಿನಿಂದಲೂ ಆಗದು. ಜೇಡ ಕಂಡರಂತೂ ಓಣಿಗೆಲ್ಲ ಕೇಳುವಂತೆ ಚೀರುವವಳು. ದೇವರಿಗೆ ಏನು ತಮಾಷೆ ಬೇಕಾಗಿತ್ತೋ ಏನೋ, ಅಂಥ ನನ್ನನ್ನೇ ಆರಿಸಿ ಅಕ್ಕೋರ ಪಕ್ಕದ ಮನೆಯಲ್ಲಿ ಇಟ್ಟ.

ಅವರಿಗೆ ಈ ಹುಚ್ಚು ಹತ್ತಿದ್ದು ಅರವತ್ತು ದಾಟಿದ ಮೇಲೆ. ತಮ್ಮನ ಮಗ ಫೋನಿಗೆ ಸಿಕ್ಕಿಸುವ ಒಂದು ಲೆನ್ಸ್ ತರಿಸಿಕೊಟ್ಟಿದ್ದ. ಅಂಗಿಯ ದೊಡ್ಡ ಗುಂಡಿಯಷ್ಟು ಇತ್ತು ಅದು. ಅದನ್ನು ಹಚ್ಚಿ ನಿಂಬೆ ಎಲೆಯ ಮೇಲೆ ಕುಳಿತ ಒಂದು ನೊಣವನ್ನು ನೋಡಿದ್ದೇ ಆಯಿತು, ಅಂದಿನಿಂದ ಅಕ್ಕೋರು ಹಿತ್ತಲು ಬಿಟ್ಟು ಒಳಗೆ ಬರಲಿಲ್ಲ. ಗೋಡೆಯ ಆಚೆಯಿಂದ ಫೋನ್ ನನ್ನ ಮೂಗಿಗೇ ತಂದು ಹಿಡಿಯುತ್ತಿದ್ದರು. "ನೋಡಿಲ್ಲೆ, ಇದರ ಕಣ್ಣಾಗ ಎಷ್ಟ ಬಣ್ಣ ಅದಾವ! ನಿನ್ನ ಇಳಕಲ್ ಸೀರಿಯಾಗ ಇಲ್ಲ ಇಷ್ಟು."

"ಯವ್ವಾ, ತಗೀರಿ ಅತ್ಲಾಗ," ಎಂದು ನಾನು ಮುಖ ತಿರುಗಿಸುತ್ತಿದ್ದೆ.

ಒಂದೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಕೈ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟು, ಇದು ನಿಲ್ಲುವ ರೋಗವಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರಂತೆ. ಚಹಾ ಕುಡಿಯುವವರಿಗೆ ಕೈ ನಡುಗಿದರೆ ಬಸಿಯಲ್ಲಿ ನಾಲ್ಕು ಹನಿ ಚೆಲ್ಲುತ್ತದೆ. ಇರುವೆಯ ಕಾಲು ಹಿಡಿಯಲು ಹೊರಟವರಿಗೆ ಕೈ ನಡುಗಿದರೆ ಎಲ್ಲವೂ ಹೋಯಿತು. ಆ ಲೆನ್ಸಿನಲ್ಲಿ ಕೂದಲೆಳೆಯಷ್ಟು ಅಲುಗಿದರೂ ಹುಳವೇ ಕಾಣೆಯಾಗಿ ಬರೀ ಹಸಿರು ಮಸುಕು ಉಳಿಯುತ್ತಿತ್ತು. ಅದರ ಮೇಲೆ ನಮ್ಮ ಊರಿನ ಗಾಳಿ ಬೇರೆ.

"ಗಾಳಿಗೆ ಗಿಡ ಅಲ್ಲಾಡತೈತಿ, ರೋಗಕ್ಕ ಕೈ ಅಲ್ಲಾಡತೈತಿ. ಎರಡೂ ಒಂದ ತಾಲಕ್ಕ ಅಲ್ಲಾಡಿದ್ರ ಫೋಟೋ ಚಲೋ ಬರ್ತೈತಿ ನೋಡು," ಎಂದು ಅವರೇ ನಗುತ್ತಿದ್ದರು. ನಕ್ಕು ಮುಗಿಸಿದ ಮೇಲೆ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿದ್ದರು. ಅಳಿಸುವಾಗ ನಗುತ್ತಿರಲಿಲ್ಲ.

ಮೂರು ಕಾಲಿನ ಸ್ಟ್ಯಾಂಡು ತರಿಸಿ ನೋಡಿದರು. ಗಿಡದ ಸಂದಿಯಲ್ಲಿ ಅದು ನಿಲ್ಲಲಿಲ್ಲ. ಒಂದು ಮುಂಜಾನೆ ಕರಿಬೇವು ಹರಿಯಲು ಆ ಕಡೆ ಹೋಗಿದ್ದೆ. ಅಕ್ಕೋರು ನಿಂಬೆ ಗಿಡದ ಮುಂದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಹಿಂದೆ ಕುರ್ಚಿ ಹಾಕಿಕೊಂಡು, ಎರಡೂ ಮುಂಗೈ ನನ್ನ ಎಡಹೆಗಲ ಮೇಲೆ ಊರಿ ಫೋನ್ ಮುಂದೆ ಚಾಚಿದರು. ನನ್ನ ಗಲ್ಲದ ಹತ್ತಿರವೇ ಬಲೆ, ಬಲೆಯ ನಡುವೆ ಹಳದಿ ಪಟ್ಟೆಯ ಜೇಡ. ಜೀವವೇ ಬಾಯಿಗೆ ಬಂತು.

"ಉಸಿರು ಹಿಡಿ. ಅಲ್ಲಾಡಬ್ಯಾಡ. ಅದು ನಿನ್ನ ತಿನ್ನಂಗಿಲ್ಲ, ನೀನ ಅದರಕಿಂತ ಕೆಟ್ಟ ಹೆಂಗಸು," ಎಂದರು ಕಿವಿಯ ಹತ್ತಿರ.

ಹೀಗೆ ನಾನು ಅಕ್ಕೋರ ಸ್ಟ್ಯಾಂಡು ಆದೆ. ಬಯ್ಯುತ್ತಲೇ ಹೋಗುತ್ತಿದ್ದೆ, ಕಣ್ಣು ಗಟ್ಟಿ ಮುಚ್ಚಿ ಕೂರುತ್ತಿದ್ದೆ. ಆದರೂ ದಿನವೂ ಹೋಗುತ್ತಿದ್ದೆ. ಅವರ ಕೈಯ ನಡುಕ ಎಲುಬಿನ ಮೂಲಕ ನನ್ನ ಮೈಯೊಳಗೆ ಇಳಿಯುತ್ತಿತ್ತು. ಇವತ್ತು ಕಡಿಮೆ ಇದೆ, ಇವತ್ತು ಜಾಸ್ತಿ ಇದೆ ಎಂದು ಅವರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಒಂದು ದಿನ ಹೋದರೆ ಅಕ್ಕೋರು ಗಿಡದ ಮುಂದೆ ಅಳುತ್ತಾ ನಿಂತಿದ್ದರು. ಬಲೆಯಲ್ಲಿ ಜೇಡ ಕಾಲು ಮುದುಡಿ, ಬಣ್ಣ ಕಳೆದುಕೊಂಡು ನೇತಾಡುತ್ತಿತ್ತು. ಸತ್ತಿದ್ದಕ್ಕೆ ನನಗೇನೂ ದುಃಖವಿರಲಿಲ್ಲ, ಅಕ್ಕೋರ ಕಣ್ಣೀರು ನೋಡಿ ನನಗೂ ಅಳು ಬಂತು. ಆಮೇಲೆ ಕಡ್ಡಿಯಿಂದ ಎಲೆ ಸರಿಸಿದರೆ ಅದರ ಮಗ್ಗುಲಲ್ಲೇ ಜೇಡ! ಹೊಸ ಸೀರೆ ಉಟ್ಟವರಂತೆ ಮಿರಿಮಿರಿ ಮಿಂಚುತ್ತಾ ಕುಳಿತಿತ್ತು. ನಾವು ಅತ್ತದ್ದು ಅದು ಬಿಟ್ಟುಹೋದ ಪೊರೆಗೆ. ಹಾವಿನ ಹಾಗೆ ಜೇಡವೂ ಪೊರೆ ಬಿಡುತ್ತದೆಂದು ನನಗೆ ಗೊತ್ತಾದದ್ದೇ ಅಂದು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಅವತ್ತು ಅಕ್ಕೋರ ತಲೆಯಲ್ಲಿ ಒಂದು ಆಸೆ ಕೂತಿತು. ಜೇಡ ಪೊರೆಯೊಳಗಿಂದ ಹೊರಗೆ ಬರುವುದನ್ನೇ ಹಿಡಿಯಬೇಕು. "ನನಗ ಒಂದ ಫೋಟೋ ಸಾಕವಾ. ಒಂದ ನಡಗಲಾರದ ಫೋಟೋ. ಆಮ್ಯಾಲೆ ಈ ಕೈ ಏನರೆ ಮಾಡ್ಕೊಳ್ಲಿ," ಎಂದರು. ಅಂಥ ಫೋಟೋ ಬಂದು ಆಗಲೇ ಬಹಳ ತಿಂಗಳಾಗಿದ್ದವು. ನನ್ನ ಹೆಗಲೂ ಸೋಲುತ್ತಾ ಬಂದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರು ಹಿತ್ತಲಿನಲ್ಲಿ ಜಾರಿ ಬಿದ್ದರು. ಹಣೆಗೆ ಹೊಲಿಗೆ ಬಿದ್ದವು. ಅವರ ತಮ್ಮ ಕೆಟ್ಟವರಲ್ಲ, ಅಕ್ಕನನ್ನು ಕಣ್ಣಿನ ರೆಪ್ಪೆಯ ಹಾಗೆ ನೋಡಿಕೊಂಡವರು. ಆದರೆ ಆ ರಕ್ತ ನೋಡಿ ಹೆದರಿಬಿಟ್ಟರು. ಗಿಡಗಂಟಿ ಎಲ್ಲ ತೆಗೆಸಿ ಹಿತ್ತಲಿಗೆ ಫರ್ಸಿ ಕಲ್ಲು ಹಾಕಿಸುವುದೆಂದು ಗೌಂಡಿಗೆ ಹೇಳಿಯೂ ಬಂದರು. ಅಕ್ಕೋರು ಜಗಳವಾಡಲಿಲ್ಲ. ಗೋಡೆಯ ಹತ್ತಿರ ಬಂದು, "ಸೋಮವಾರ ಬರ್ತಾರಂತ. ಇತ್ವಾರ ಒಂದ ದಿನ ಐತಿ. ಜ್ಯಾಡ ಉಣ್ಣೂದು ಬಿಟ್ಟೈತಿ, ಅಲ್ಲಾಡವಲ್ದು. ಪೊರಿ ಬಿಡೂ ಲಕ್ಷಣ ಅದು. ಬರ್ತೀಯೇನ?" ಎಂದಷ್ಟೇ ಕೇಳಿದರು.

ಮದುವೆಯ ಹಂಗಾಮು, ನನ್ನ ಮನೆಯಲ್ಲಿ ಸೀರೆಗಳ ರಾಶಿ ಬಿದ್ದಿತ್ತು. ಆದರೂ ಹೋದೆ.

ಮುಂಜಾನೆಯಿಂದ ಕುಳಿತೆವು. ಗಾಳಿಗೆ ಅಡ್ಡವಾಗಿ ಹಳೆಯ ಚಾದರ ಕಟ್ಟಿದ್ದೆ. ನಾನು ಎಂದಿನಂತೆ ಕಣ್ಣು ಮುಚ್ಚಿದೆ, ಅವರು ನನ್ನ ಹೆಗಲ ಮೇಲೆ ಕೈ ಊರಿ ಫೋನಿನಲ್ಲಿ ನೋಡುತ್ತಾ ಕುಳಿತರು. ಜೇಡ ಬಲೆಯ ನಡುವೆ ಹಾಗೇ ಇತ್ತು. ಬಿಸಿಲು ಏರಿತು. ಅವರ ತಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಒಳಗೆ ಹೋದರು. ನನ್ನ ಕುತ್ತಿಗೆ ಹಿಡಿದುಕೊಂಡಿತ್ತು, ಕಾಲಿಗೆ ಜೋಮು ಏರಿತ್ತು. "ಬಂತೇನ್ರಿ?" ಎಂದು ಕೇಳಿದಾಗಲೆಲ್ಲ "ತಡಿ, ಮಾತಾಡಬ್ಯಾಡ" ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಮಾತ್ರ ಅವರ ಉಸಿರು ನಿಂತಂತಾಯಿತು. ಕೈಯನ್ನು ನನ್ನ ಎಲುಬಿಗೆ ಒತ್ತಿ ಹಿಡಿದರು. ನಡುಕವೂ ಆ ಹೊತ್ತಿಗೆ ನಿಂತಿತ್ತು... ಅಥವಾ ನನಗೆ ಹಾಗನಿಸಿತೋ ಏನೋ. ಬಂತೆಂದೇ ತಿಳಿದೆ ನಾನು. ಆದರೆ ಕೇಳಿದರೆ ಮತ್ತೆ ಅದೇ "ತಡಿ" ಎಂದರು.

ಬಿಸಿಲು ಇಳಿಯುವಾಗ ಇನ್ನು ಸಾಕೆಂದು ಕಣ್ಣು ತೆರೆದು ಬಲೆಯ ಕಡೆ ನೋಡಿದೆ. ನಿಂಬೆ ಕೊಂಬೆಯಿಂದ ಒಂದು ದಾರದ ಮೇಲೆ ಸಾಲಾಗಿ ಇರುವೆ ಹೋಗುತ್ತಿದ್ದವು, ಜೇಡದ ಹೊಟ್ಟೆಗೇ.

"ಅಕ್ಕೋರ! ಇದಕ್ಕ ಇರುವಿ ಹತ್ಯಾವ್ರಿ! ಸತ್ತೈತಿ ಇದು!"

"ಗೊತ್ತೈತಿ ಬಿಡವಾ. ಮಧ್ಯಾಹ್ನಕ್ಕೂ ಮೊದಲ ನೋಡೇನಿ."

ನನಗೆ ಮೈಯೆಲ್ಲ ಉರಿಯಿತು. "ಮತ್ತ ನನ್ನ ಯಾಕ ಕುಂಡ್ರಿಸಿದ್ರಿ ಇಷ್ಟೊತ್ತು? ಮನ್ಯಾಗ ಸೀರಿ ರಾಶಿ ಬಿದ್ದಾವ ನನಗ!"

ಅಕ್ಕೋರು ನಕ್ಕರು. ಅಳು ಬರುವ ಮುಂಚಿನ ನಗು ಅದು ಎಂದುಕೊಂಡೆ. "ಒಂದ ಚಲೋ ಬಂದೈತಿ. ಈಗ ತೋರ್ಸಂಗಿಲ್ಲ, ನೀ ಹೆದರ್ತಿ," ಎಂದರು. ಇರುವೆ ಮುತ್ತಿದ ಹೆಣದ ಫೋಟೋ ನನಗೇಕೆ ಬೇಕಿತ್ತು! ಹಿತ್ತಲಿನ ಕೊನೆಯ ದಿನ, ಜೊತೆಗೆ ಯಾರಾದರೂ ಇರಲಿ ಎಂದು ಕೂರಿಸಿಕೊಂಡರೇನೋ ಎಂದು ಸಿಟ್ಟು ನುಂಗಿದೆ. ಹೊರಡುವಾಗ ಗಿಡದ ಬುಡದಲ್ಲಿ ಹುಟ್ಟಿದ್ದ ನಿಂಬೆ ಸಸಿಯೊಂದನ್ನು ಮಣ್ಣು ಸಮೇತ ಕಿತ್ತು ನನ್ನ ಕೈಗೆ ಕೊಟ್ಟರು. ಈಗ ಮಾಳಿಗೆಯ ಮೇಲೆ ಇರುವುದು ಅದೇ.

ಮರುದಿನ ಗೌಂಡಿಗಳು ಬಂದರು. ಎರಡು ದಿನದಲ್ಲಿ ಹಿತ್ತಲು ಆಸ್ಪತ್ರೆಯ ಪಡಸಾಲೆಯ ಹಾಗೆ ಆಯಿತು. ಅಕ್ಕೋರು ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ತೊಡೆಯ ಮೇಲೆ ಎರಡೂ ಕೈಯ ಬೆರಳು ತಮ್ಮಷ್ಟಕ್ಕೆ ತಾವೇ ಟೈಪ್ ಮಾಡುತ್ತಿದ್ದವು. ನಾನು ಗೋಡೆಯ ಹತ್ತಿರ ಹೋಗಿ ಮಾತನಾಡಿಸುತ್ತಿದ್ದೆ. ದಿನ ಕಳೆದಂತೆ ಅವರ ಮಾತು ಸಣ್ಣದಾಯಿತು, ಆಮೇಲೆ ಕೇಳಿಸದಷ್ಟು ಸಣ್ಣದಾಯಿತು. ಆ ಫೋಟೋ ತೋರಿಸಿ ಎಂದು ಒಮ್ಮೆ ಕೇಳಿದ್ದೆ. ತಲೆ ಅಲ್ಲಾಡಿಸಿ ಕಣ್ಣಲ್ಲೇ ನಕ್ಕಿದ್ದರು. ಮುಂದಿನ ಬೇಸಿಗೆ ದಾಟಲಿಲ್ಲ ಅವರು.

ಹೋದ ಮೇಲೆ ಒಂದು ದಿನ ಅವರ ತಮ್ಮ ಫೋನ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಗೋಡೆಗೆ ಹಾಕಲು ಅಕ್ಕನದೊಂದು ಫೋಟೋ ಹುಡುಕುತ್ತಿದ್ದರಂತೆ.

"ಅಕ್ಕಂದು ಒಂದೂ ಇಲ್ಲ ನೋಡ್ರಿ. ಬರೇ ಹುಳಾ ಅದಾವ. ಒಂದರಾಗ ಮಾತ್ರ ನಿಮ್ಮ ಕಿವಿ ಐತಿ," ಎಂದು ಮುಜುಗರದಿಂದ ಫೋನ್ ನನ್ನ ಕೈಗೆ ಕೊಟ್ಟರು.

ನನ್ನ ಎಡಗಿವಿ. ಮದುವೆಯಲ್ಲಿ ತವರಿನಿಂದ ತಂದ ಬೆಂಡೋಲೆ, ಅದರ ಪಕ್ಕದ ಒಂದು ಬೆವರಿನ ಹನಿ, ಸೋತು ಇಳಿದ ಕೂದಲಿನ ಎಳೆ. ಬೆಂಡೋಲೆಯ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಜೇಡವೊಂದು ಕುಳಿತಿತ್ತು. ಬಲೆ ಕಟ್ಟದೆ, ಜಿಗಿದು ಬೇಟೆಯಾಡುವ ಜಾತಿಯದು. ಮುಂದಿನ ಎರಡು ದೊಡ್ಡ ಕಣ್ಣು, ಪಕ್ಕದ ಎರಡು ಸಣ್ಣ ಕಣ್ಣು, ರೆಪ್ಪೆಯಂಥ ಬಿಳಿ ರೋಮ, ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಎಲ್ಲಿಯೂ ನಡುಕವಿರಲಿಲ್ಲ. ಅದು ಆ ಇತ್ವಾರದ್ದು. ಹಿಂದೆ ಮಸುಕಾಗಿ ನಾನು ಕಟ್ಟಿದ ಚಾದರ ಕಾಣುತ್ತಿತ್ತು.

ಹೇಳಿದ್ದರೆ ನಾನು ಚೀರಿ, ಸ್ಟೂಲು ಕೆಡವಿ ಓಡುತ್ತಿದ್ದೆ. ಅದಕ್ಕೇ ಉಸಿರು ಬಿಗಿಹಿಡಿದು, ಸತ್ತ ಜೇಡದ ಕಡೆಯಿಂದ ಫೋನ್ ನನ್ನತ್ತ ತಿರುಗಿಸಿದ್ದರು ಅಕ್ಕೋರು. ಅವರಿಗೆ ಬೇಕಾಗಿದ್ದ ಆ ಒಂದು ಫೋಟೋ ಸಿಕ್ಕಿತ್ತು. ಅವರ ತಮ್ಮನ ಮುಂದೆ, ಹೊಸ್ತಿಲಲ್ಲೇ ನಿಂತು ನಾನು ದನಿ ತೆಗೆದು ಅತ್ತೆ. ಅವರು ಗಾಬರಿಯಾಗಿ ನಮ್ಮ ಮನೆಯವರನ್ನು ಕರೆದರು.

ಈಗ ಆ ಫೋಟೋ ನನ್ನ ಫೋನಿನಲ್ಲಿದೆ. ಯಾರಿಗೂ ತೋರಿಸಿಲ್ಲ, ತೋರಿಸಿದರೆ ಥೂ ಎನ್ನುತ್ತಾರೆ. ನಿಂಬೆ ಗಿಡಕ್ಕೆ ಔಷಧ ಹೊಡೆಯಲು ಯಜಮಾನರಿಗೆ ಬಿಡುವುದಿಲ್ಲ. ಅರ್ಧ ಗಿಡ ಹುಳದ ಹೊಟ್ಟೆಗೇ ಹೋಗುತ್ತದೆ, ಹೋಗಲಿ. ಮೊನ್ನೆ ಆ ವಾಸನೆ ಇಳಿದುಹೋಗುವವರೆಗೆ ಕುಂಡದ ಪಕ್ಕ ಕುಳಿತೇ ಇದ್ದೆ. ಎಡಗಿವಿಯ ಹತ್ತಿರ ಏನೋ ಸಣ್ಣಗೆ ಹರಿದಂತಾಯಿತು. ಮೊದಲಾಗಿದ್ದರೆ ಎಷ್ಟೊತ್ತಿಗೋ ಜಾಡಿಸಿ ಎದ್ದು ನಿಲ್ಲುತ್ತಿದ್ದೆ. ಕೈ ಎತ್ತಲಿಲ್ಲ. ಉಸಿರು ಹಿಡಿದು, ಅಲುಗಾಡದೆ ಕುಳಿತೆ, ಬಹಳ ಹೊತ್ತು... ಹೆಗಲ ಮೇಲೆ ಯಾರ ಕೈಯೂ ಬರಲಿಲ್ಲ.