ಅತ್ತೆಯ ಬಳೆಯಲ್ಲಿ ಹರಿದ ಕರೆಂಟು

ತೂಬಗೆರೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಮನೆಯಲ್ಲಿ ಮಾತ್ರ ಬೋಳುಗೈ ಸೊಸೆ. ಗಾಜಿನ ಬಳೆ ತೊಟ್ಟು ಬೋರ್ಡಿನ ಮೇಲೆ ಬರೆದರೆ ಮಕ್ಕಳ ಗಮನವೆಲ್ಲ ಗಲಗಲ ಸದ್ದಿನ ಮೇಲೇ. ಅತ್ತೆಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ದಿನಾ ಬೆಳಗ್ಗೆ ಕಾಫಿಯ ಜೊತೆಗೆ ಬಳೆಯ ಪುರಾಣ ತಪ್ಪುತ್ತಿರಲಿಲ್ಲ.

ಶಾಲೆಯ ವಿಜ್ಞಾನ ಮೇಳದಲ್ಲಿ ಕಾದ ಗಾಜಿನೊಳಗೆ ಕರೆಂಟು ಹರಿಸಿ ಬಲ್ಬು ಉರಿಸುತ್ತೇನೆ ಎಂದಾಗ ಅವರು ನಕ್ಕುಬಿಟ್ಟರು.

"ಗಾಜಲ್ಲಿ ಕರೆಂಟಾ? ಉರಿಸು ನೋಡೋಣ. ಉರಿದ್ರೆ ಬಳೆ ಸುದ್ದೀನೇ ಎತ್ತಲ್ಲ. ಉರೀದಿದ್ರೆ ಎರಡು ಕೈ ತುಂಬಾ ಹಸಿರು ಬಳೆ ತೊಡ್ಬೇಕು!"

"ಆಗ್ಲಿ ಅತ್ತೆ," ಎಂದೆ, ಜಂಬದಿಂದ.

ಮೇಳದ ದಿನ ಅತ್ತೆ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕುಳಿತರು. ನಾನು ಬೆಂಗಳೂರಿನಿಂದ ತರಿಸಿದ್ದ ಹೊಸ ಗಾಜಿನ ಕಡ್ಡಿಯ ಎರಡು ತುದಿಗೂ ತಂತಿ ಕಟ್ಟಿ, ಒಂದು ತಂತಿಯ ನಡುವೆ ಬಲ್ಬು ಜೋಡಿಸಿ, ತಂತಿಗಳನ್ನು ಪ್ಲಗ್ಗಿಗೆ ಸಿಕ್ಕಿಸಿ, ಬರ್ನರ್ ಹಚ್ಚಿದೆ. ಕಡ್ಡಿ ಕಾಯಿತು, ನಾನು ಬೆವತೆ, ಬಲ್ಬು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಆಗಲೇ ನನ್ನ ಮಣಿಕಟ್ಟಿನ ಅಳತೆ ನೋಡುತ್ತಿದ್ದರು.

ಆಗ ಹೊಳೆಯಿತು. ಗಾಜು ಕಾದಾಗ ಕರೆಂಟು ಹೊತ್ತು ಓಡಾಡುವುದು ಅದರೊಳಗಿನ ಸೋಡಿಯಂ. ಬೆಂಕಿಗೆ ಒಡೆಯದಿರಲೆಂದು ಬೋರಾನ್ ಬೆರೆಸಿದ ದುಬಾರಿ ಗಾಜಿನಲ್ಲಿ ಸೋಡಿಯಂ ಬಹಳ ಕಡಿಮೆ. ನನಗೆ ಬೇಕಾದದ್ದು ಸೋಡಾ ಹಾಕಿ ಕರಗಿಸಿದ ಅಗ್ಗದ ಗಾಜು. ಅದು ಎದುರಿಗೇ ಇತ್ತು, ಅತ್ತೆಯ ಕೈಯಲ್ಲಿ.

"ಅತ್ತೆ, ಒಂದು ಬಳೆ ಕೊಡ್ತೀರಾ?"

ಇಷ್ಟು ಕೇಳುವಷ್ಟರಲ್ಲಿ ನನ್ನ ಮಾನ ಮೂರುಕಾಸಿಗೆ ಹೋಗಿತ್ತು. ಅತ್ತೆ ಒಮ್ಮೆ ಉರಿಯದ ಬಲ್ಬನ್ನೂ ಒಮ್ಮೆ ಮುಸಿಮುಸಿ ನಗುತ್ತಿದ್ದ ಹೆಡ್ ಮಾಸ್ಟರನ್ನೂ ನೋಡಿ, ಬಳೆ ಕಳಚಿ ಕೊಟ್ಟರು.

"ಒಡೀಬೇಡ. ಇವತ್ತು ಶುಕ್ರವಾರ."

ಒಡೆಯದೆ, ಬಳೆಗೆ ಬೆರಳಗಲ ಬಿಟ್ಟು ಎರಡು ತಂತಿ ಸುತ್ತಿ ನಡುವೆ ಉರಿ ಹಿಡಿದೆ. ಗಾಜು ಕೆಂಪಾಯಿತು, ಬಲ್ಬು ಮಿಣಕ್ಕೆಂದಿತು, ಆಮೇಲೆ ಝಗ್ಗನೆ ಹೊತ್ತಿತು. ಮಕ್ಕಳು ಸಿಳ್ಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅತ್ತೆ. ನನಗೆ ಅಳುವೇ ಬಂತು. ಬಳೆ ಮಾತ್ರ ಕೆಟ್ಟ ಕೋಡುಬಳೆಯ ಹಾಗೆ ಸೊಟ್ಟಗಾಗಿತ್ತು.

ಮನೆಗೆ ಮರಳುವ ಬಸ್ಸಿನಲ್ಲಿ ಅವರು ಆ ಸೊಟ್ಟ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗೆದ್ದೆ ಬಿಡಮ್ಮ. ಬಳೆ ಸುದ್ದಿ ಎತ್ತಲ್ಲ," ಎಂದರು ಕೊನೆಗೆ. "ಆದ್ರೆ ಮುಂದಿನ್ಸಲ ನಾನು ಬರ್ದೇ ಇದ್ರೆ ಬಲ್ಬ್ ಹೆಂಗ್ ಉರಿಸ್ತೀಯ?"

ಮಾರನೆಯ ಬೆಳಗ್ಗೆ ಬೋರ್ಡ್ ಮುಟ್ಟದ ಎಡಗೈಗೆ ಒಂದು ಹಸಿರು ಬಳೆ ತೊಟ್ಟು ಅಡುಗೆಮನೆಗೆ ಹೋದೆ. ಅತ್ತೆ ನೋಡಿದರು. ಮಾತು ಕೊಟ್ಟಿದ್ದರಲ್ಲ, ತುಟಿ ಬಿಗಿಹಿಡಿದು ಕಾಫಿ ಲೋಟ ಚಾಚಿದರು. ಆ ಮೌನ ಇಬ್ಬರಿಗೂ ಬಹಳ ಕಷ್ಟವಾಯಿತು.